ಸುನಾಮಿ ಎಂಬ ಪದ: ಪದೇ ಪದೇ ಕೇಳುವ ಪ್ರಶ್ನೆಗಳು

ಸುನಾಮಿ ಯಾವ ಭಾಷೆಯ ಪದ? ಅರ್ಥ ಏನು?

ಜಪಾನಿ ಭಾಷೆಯದು. ‘ತ್ಸು’ ಅಂದರೆ ಬಂದರು, ‘ನಮಿ’ ಅಂದರೆ ಅಲೆ. ಎರಡೂ ಸೇರಿದರೆ ಬಂದರಿನ ಅಲೆ, ಅಷ್ಟೇ. ರಕ್ಕಸ, ಪ್ರಳಯ, ಸರ್ವನಾಶ ಅಂತೆಲ್ಲ ಅದಕ್ಕೆ ಅರ್ಥ ಹಚ್ಚುವವರಿದ್ದಾರೆ, ಅದೆಲ್ಲ ಸುಮ್ನೆ. ಜಪಾನಿನ ಮಿಯೆ ಪ್ರಾಂತ್ಯದಲ್ಲಿ ‘ತ್ಸು’ ಅನ್ನುವ ಪಟ್ಟಣವೇ ಇದೆ. ಆ ಹೆಸರನ್ನು ಬರೆಯುವುದೂ ಇದೇ ಅಕ್ಷರದಲ್ಲಿ.

ಇಷ್ಟು ಭಯಂಕರ ಅಲೆಗೆ ಬಂದರಿನ ಹೆಸರು ಯಾಕೆ?

ಯಾಕಂದ್ರೆ ಇದರ ಅಬ್ಬರ ಗೊತ್ತಾಗುವುದೇ ದಡದ ಹತ್ತಿರ. 4,000 ಮೀಟರ್ ಆಳದ ಕಡಲಲ್ಲಿ ಸುನಾಮಿ ಗಂಟೆಗೆ ಸುಮಾರು 700 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಆದರೆ ಅಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರ್ ಕೂಡ ಇರುವುದಿಲ್ಲ. ಒಂದು ಏರಿನಿಂದ ಮುಂದಿನ ಏರಿಗೆ ನೂರಾರು ಕಿಲೋಮೀಟರ್ ಅಂತರ. ದೋಣಿಯ ಅಡಿಯಲ್ಲೇ ಹಾದುಹೋದರೂ ಕೂತವರಿಗೆ ತಿಳಿಯುವುದಿಲ್ಲ. ಆಳ ಕಡಿಮೆಯಾದಂತೆ ವೇಗ ಇಳಿಯುತ್ತದೆ. ಹತ್ತು ಮೀಟರ್ ಆಳಕ್ಕೆ ಬರುವಾಗ ಗಂಟೆಗೆ 36 ಕಿಲೋಮೀಟರ್ ಆಸುಪಾಸು. ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ಇನ್ನೂ ಜೋರಾಗಿ ಬರುತ್ತಿರುತ್ತದೆ, ನೀರು ಮೇಲಕ್ಕೇಳುತ್ತದೆ. ಕಿರಿದಾದ ಕೊಲ್ಲಿಯೊಳಗೆ ನುಗ್ಗಿದರಂತೂ ಕೇಳುವುದೇ ಬೇಡ.

1896ರ ಜೂನ್ 15ರ ಸಂಜೆ ಜಪಾನಿನ ಈಶಾನ್ಯದ ಸಾನ್‌ರಿಕು ಕರಾವಳಿಯಲ್ಲಿ ಆಗಿದ್ದು ಇದೇ. ಅವತ್ತು ಹಬ್ಬ. ನೆಲ ನಡುಗಿದ್ದು ತುಂಬಾ ಮೆಲ್ಲಗೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ ನೀರು ಬಂತು. ಕೆಲವು ಕಡೆ ಗುಡ್ಡದ ಮೇಲೆ 38 ಮೀಟರ್ ಎತ್ತರದ ತನಕ ಹತ್ತಿತು. ಸತ್ತವರು ಸುಮಾರು 22,000 ಮಂದಿ. ದೂರದ ಕಡಲಿಗೆ ಮೀನು ಹಿಡಿಯಲು ಹೋಗಿದ್ದವರಿಗೆ ಇದು ಯಾವುದೂ ಗೊತ್ತಿಲ್ಲ. ವಾಪಸು ಬರುವಾಗ ನೀರಿನ ಮೇಲೆ ಮನೆಗಳ ಮರಮುಟ್ಟು, ಹೆಣಗಳು ತೇಲುತ್ತಿದ್ದವು. ಕಡಲಲ್ಲಿ ಕಾಣದೆ ಬಂದರಿನಲ್ಲಿ ಮಾತ್ರ ಕಾಣುವ ಅಲೆಗೆ ಇನ್ನೇನು ಹೆಸರಿಡುತ್ತಾರೆ?

ಈ ಪದ ಎಷ್ಟು ಹಳೆಯದು?

ಬರಹದಲ್ಲಿ ಸಿಗುವ ಅತಿ ಹಳೆಯ ದಾಖಲೆ 1611ರದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ವರ್ಷದ ಡಿಸೆಂಬರಿನಲ್ಲಿ ಸೆಂಡೈ ಸೀಮೆಯ ಕರಾವಳಿಗೆ ದೊಡ್ಡ ಅಲೆ ಬಡಿಯಿತು. ಜಪಾನನ್ನು ಆಳಿ, ಆಮೇಲೆ ಅಧಿಕಾರ ಬಿಟ್ಟುಕೊಟ್ಟು ಸುನ್‌ಪು ಕೋಟೆಯಲ್ಲಿದ್ದ ತೊಕುಗಾವ ಇಯೆಯಾಸುವಿಗೆ ಆ ಸುದ್ದಿ ಮುಟ್ಟಿತು. ಅಲ್ಲಿನ ದಿನಚರಿಯಲ್ಲಿ ಈ ಪದ ಬರುತ್ತದೆ.

ಅಲೆ ಮಾತ್ರ ಅದಕ್ಕಿಂತ ಎಷ್ಟೋ ಹಳೆಯದು. ಇದೇ ಕರಾವಳಿಯಲ್ಲಿ 869ರಲ್ಲಿ ಆದದ್ದನ್ನು ಅರಮನೆಯ ಚರಿತ್ರೆ ಬರೆದಿಟ್ಟಿದೆ: ಕಡಲು ಗುಡುಗಿನ ಹಾಗೆ ಆರ್ಭಟಿಸಿತು, ನೀರು ಕೋಟೆಯ ಪಟ್ಟಣದ ತನಕ ಬಂತು, ಸಾವಿರದಷ್ಟು ಜನ ಮುಳುಗಿದರು. ವರ್ಣನೆಯೆಲ್ಲ ಇದೆ, ‘ತ್ಸುನಮಿ’ ಅನ್ನುವ ಪದ ಇಲ್ಲ.

ಜಪಾನಿನಿಂದ ಹೊರಗೆ ಹೇಗೆ ಬಂತು?

1896ರ ಆ ಸುದ್ದಿಯ ಜೊತೆಗೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಲೈಜಾ ಸಿಡ್ಮೋರ್ ಎಂಬ ಪತ್ರಕರ್ತೆ ಅಮೆರಿಕದ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಈ ದುರಂತದ ಬಗ್ಗೆ ಬರೆದರು. ಜಪಾನಿ ಪದ ಅದರಲ್ಲಿದೆ. ಮರುವರ್ಷ ಜಪಾನಿನಲ್ಲೇ ನೆಲೆಸಿದ್ದ ಲಾಫ್ಕಾಡಿಯೊ ಹರ್ನ್ ಒಂದು ಕಥನದಲ್ಲಿ ಇದನ್ನು ಬಳಸಿದರು. ಇಂಗ್ಲಿಷಿಗೆ ಈ ಪದ ತಂದವರು ಹರ್ನ್ ಎಂದೇ ಬಹಳ ಕಾಲ ನಂಬಿದ್ದರು. ಸಿಡ್ಮೋರ್ ಒಂದು ವರ್ಷ ಮುಂಚೆಯೇ ಬರೆದಿದ್ದರು, ಹೆಸರು ಮಾತ್ರ ಹರ್ನ್‌ಗೆ ಬಂತು.

ಹರ್ನ್ ಹೇಳಿದ ಕಥೆ ಓದಿಸಿಕೊಂಡು ಹೋಗುತ್ತದೆ ಅನ್ನುವುದೂ ನಿಜ. ಗುಡ್ಡದ ಮೇಲಿನ ಮುದುಕನೊಬ್ಬ ಕಡಲು ಹಿಂದೆ ಸರಿಯುವುದನ್ನು ನೋಡುತ್ತಾನೆ. ಕೂಗಿದರೆ ಕೆಳಗಿನವರಿಗೆ ಕೇಳಿಸುವುದಿಲ್ಲ. ತನ್ನ ಭತ್ತದ ಬಣವೆಗಳಿಗೇ ಬೆಂಕಿ ಹಚ್ಚುತ್ತಾನೆ. ಬೆಂಕಿ ಆರಿಸಲು ಊರೆಲ್ಲ ಗುಡ್ಡ ಹತ್ತುತ್ತದೆ, ಬದುಕುತ್ತದೆ. ಇದಕ್ಕೆ ಮೂಲ 1854ರಲ್ಲಿ ಕಿಯಿ ಸೀಮೆಯ ಹಿರೊ ಎಂಬ ಹಳ್ಳಿಯಲ್ಲಿ ನಿಜವಾಗಿ ನಡೆದದ್ದು. ಹಮಗುಚಿ ಗೊರ್ಯೊ ಎಂಬವರು ಕತ್ತಲಲ್ಲಿ ದಾರಿ ಕಾಣಲಿ ಎಂದು ಹುಲ್ಲಿನ ಬಣವೆ ಉರಿಸಿ ಜನರನ್ನು ಎತ್ತರದ ಜಾಗಕ್ಕೆ ಕರೆಸಿಕೊಂಡರು. ಆಗ ಅವರಿಗೆ ಮೂವತ್ತೈದರ ಆಸುಪಾಸು, ಮುದುಕರಲ್ಲ. ಆಮೇಲೆ ಸ್ವಂತ ದುಡ್ಡು ಹಾಕಿ ಊರಿಗೆ ಕಡಲ ಕಟ್ಟೆಯನ್ನೂ ಕಟ್ಟಿಸಿದರು. ನವೆಂಬರ್ 5 ವಿಶ್ವ ಸುನಾಮಿ ಜಾಗೃತಿ ದಿನ ಆಗಿರುವುದು ಇದೇ ಘಟನೆಯ ನೆನಪಿಗೆ. ವಿಶ್ವಸಂಸ್ಥೆ 2015ರಲ್ಲಿ ಅದನ್ನು ಘೋಷಿಸಿತು.

ಆದರೂ ಈ ಪದ ಜನರ ಬಾಯಿಗೆ ಬಂದದ್ದು ಹವಾಯಿಯ ದಾರಿಯಿಂದ. 1946ರ ಏಪ್ರಿಲ್ 1ರಂದು ಅಲ್ಯೂಷಿಯನ್ ದ್ವೀಪಗಳ ಬಳಿ ಭೂಕಂಪ ಆಗಿ, ಕೆಲವೇ ಗಂಟೆಗಳಲ್ಲಿ ಅಲೆ ಹವಾಯಿ ಮುಟ್ಟಿತು. ಏಪ್ರಿಲ್ ಫೂಲ್ ಮಾಡ್ತಿದ್ದಾರೆ ಅಂದುಕೊಂಡು ಓಡದೆ ನಿಂತವರಿದ್ದರು. ಹವಾಯಿಯಲ್ಲಿ 159 ಜನ ಸತ್ತರು, ಅದರಲ್ಲಿ ಹಿಲೊ ಪಟ್ಟಣದವರೇ ಜಾಸ್ತಿ. ಅಲ್ಲಿ ಜಪಾನಿ ಮೂಲದ ಕುಟುಂಬಗಳು ಬಹಳ. ಅವರ ಮನೆಮಾತಿನ ಪದ ಊರಿನ ಪದವಾಯಿತು, ವಿಜ್ಞಾನಿಗಳೂ ಎತ್ತಿಕೊಂಡರು. 1965ರಲ್ಲಿ ಹೊನೊಲುಲುವಿನಲ್ಲಿ ಅಂತರರಾಷ್ಟ್ರೀಯ ಮಾಹಿತಿ ಕೇಂದ್ರ ಶುರುವಾಗುವಾಗ ಅದರ ಹೆಸರಲ್ಲೇ ‘ಸುನಾಮಿ’ ಇತ್ತು.

ಇಂಗ್ಲಿಷಿನಲ್ಲಿ ಮೊದಲಿದ್ದ ಹೆಸರಿಗೆ ಏನಾಗಿತ್ತು?

‘ಟೈಡಲ್ ವೇವ್’ ಅನ್ನುತ್ತಿದ್ದರು. ಅಂದರೆ ಭರತದ ಅಲೆ. ತೊಂದರೆ ಅಲ್ಲೇ ಇರುವುದು. ಭರತ, ಇಳಿತ ಆಗುವುದು ಚಂದ್ರ, ಸೂರ್ಯರ ಸೆಳೆತದಿಂದ. ಸುನಾಮಿಗೂ ಅವಕ್ಕೂ ಸಂಬಂಧವೇ ಇಲ್ಲ. ಅದಕ್ಕೇ ವಿಜ್ಞಾನಿಗಳು ‘ಸೈಸ್ಮಿಕ್ ಸೀ ವೇವ್’ ಎಂಬ ಹೆಸರು ತಂದರು. 1940ರ ದಶಕದ ಕೊನೆಯಲ್ಲಿ ಅಮೆರಿಕ ಕಟ್ಟಿದ ಮುನ್ನೆಚ್ಚರಿಕೆ ವ್ಯವಸ್ಥೆಗೂ ಇದೇ ಹೆಸರು. ಅದೂ ಅರ್ಧ ಸತ್ಯ, ಯಾಕಂದ್ರೆ ಎಲ್ಲ ಸುನಾಮಿಗೂ ಭೂಕಂಪವೇ ಕಾರಣ ಅಲ್ಲ.

ಜಪಾನಿ ಪದ ಕಾರಣದ ಗೊಡವೆಗೇ ಹೋಗುವುದಿಲ್ಲ. ಅಲೆ ಎಲ್ಲಿ ಬಡಿಯುತ್ತದೆ ಅನ್ನುವುದನ್ನಷ್ಟೇ ಹೇಳುತ್ತದೆ. ಅಷ್ಟಕ್ಕೂ, ಜಪಾನಿ ಬಾರದವರಿಗೆ ಅದು ಅರ್ಥವೇ ಇಲ್ಲದ ಮೂರು ಅಕ್ಷರ. ಅದು ಗೆದ್ದದ್ದೇ ಹಾಗಾಗಿ ಅನ್ನುವುದು ನನ್ನ ಲೆಕ್ಕ. ಅರ್ಥ ಗೊತ್ತಿಲ್ಲದ ಹೆಸರು ತಪ್ಪು ದಾರಿ ತೋರಿಸುವುದಿಲ್ಲ.

ಬೇರೆ ಭಾಷೆಗಳಿಗೆ ಸ್ವಂತ ಪದ ಇರಲಿಲ್ಲವಾ?

ಇತ್ತು, ಬೇಕಾದಷ್ಟು. ಅಲೆ ಬಡಿದ ಕಡೆಯಲ್ಲೆಲ್ಲ ಜನ ಏನಾದರೊಂದು ಹೆಸರಿಟ್ಟೇ ಇಟ್ಟಿರುತ್ತಾರೆ. ಸ್ಪ್ಯಾನಿಷ್, ಪೋರ್ಚುಗೀಸ್, ಇಟಾಲಿಯನ್ ಭಾಷೆಗಳಲ್ಲಿ ‘ಮರೆಮೋತೊ’. ಭೂಕಂಪಕ್ಕೆ ನೆಲದ ಅಲುಗಾಟ ಅಂದ ಹಾಗೇ ಇದಕ್ಕೆ ಕಡಲಿನ ಅಲುಗಾಟ. 1755ರ ನವೆಂಬರ್ 1ರಂದು ಲಿಸ್ಬನ್ ನಗರವನ್ನು ಭೂಕಂಪ, ಬೆಂಕಿ, ಅಲೆ ಮೂರೂ ಸೇರಿ ಹಾಳು ಮಾಡಿದ್ದನ್ನು ಪೋರ್ಚುಗೀಸರು ಇವತ್ತಿಗೂ ಈ ಪದದಲ್ಲೇ ನೆನೆಯುತ್ತಾರೆ. ಫ್ರೆಂಚರ ‘ರಾ ದ ಮರೇ’ಯಲ್ಲಿ ಮತ್ತೆ ಅದೇ ಭರತದ ಗೊಂದಲ. ಜರ್ಮನ್ನರ ‘ಫ್ಲೂಟ್‌ವೆಲ್ಲೆ’ ಯಾವ ಪ್ರವಾಹದ ಅಲೆಗೂ ಸಲ್ಲುತ್ತದೆ. ಐಸ್‌ಲ್ಯಾಂಡಿನವರು ಹೊರಗಿನ ಪದಗಳನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ, ಅವರಲ್ಲಿ ‘ನೆರೆಯ ಅಲೆ’ ಅನ್ನುವ ಅರ್ಥದ ಸ್ವಂತ ಪದ ಈಗಲೂ ಓಡಾಡುತ್ತದೆ.

ಪೂರ್ವಕ್ಕೆ ಬಂದರೆ ಇನ್ನೂ ಚೆಂದ. ಹವಾಯಿ ಭಾಷೆಯಲ್ಲಿ ‘ಕೈ ಎಎ’, ಅಂದರೆ ಮೇಲೇರಿ ಬರುವ ಕಡಲು. ವಿಯೆಟ್ನಾಮಿನಲ್ಲಿ ‘ಸೊಂಗ್ ಥನ್’, ದೈವದ ಅಲೆ. ಕೊರಿಯನ್ನರ ‘ಹೇಯಿಲ್’ ಅಂದರೆ ಕಡಲು ಉಕ್ಕುವುದು. ಥಾಯ್ಲೆಂಡಿನ ಕಡಲಲ್ಲಿ ಹಿಂದೆ ದೋಣಿಯ ಮೇಲೇ ಬಾಳುತ್ತಿದ್ದ ಮೊಕೆನ್ ಜನರಲ್ಲಿ ‘ಲಬೂನ್’ ಎಂಬ, ಮನುಷ್ಯರನ್ನು ತಿನ್ನುವ ಅಲೆಯ ಕಥೆಯಿದೆ. ತಮಿಳಿನ ಹಳೆಯ ಪದ ‘ಕಡಲ್‌ಕೋಳ್’, ಕಡಲು ಕೊಂಡುಹೋಗುವುದು. ಆ ‘ಕೋಳ್’ ನಮ್ಮ ‘ಕೊಳ್’ ಬಳಗದ್ದೇ. ಈಚೆಗೆ ತಮಿಳರು ‘ಆಳಿಪ್ಪೇರಲೈ’ ಅಂತಲೂ ಬರೆಯುತ್ತಾರೆ, ಕಡಲಿನ ಹೆದ್ದೆರೆ ಎಂದು.

ಹಾಗಾದರೆ ಇವೆಲ್ಲ ಯಾಕೆ ಹಿಂದೆ ಬಿದ್ದವು? ಕೆಲವು ಪದಗಳು ಸಡಿಲ, ಬಿರುಗಾಳಿಯ ಅಲೆಗೂ ಅವೇ ಸಾಕು. ಇನ್ನು ಕೆಲವು ಒಂದು ದ್ವೀಪ ಬಿಟ್ಟು ಹೊರಗೆ ಹೋಗಲಿಲ್ಲ. ಪೆಸಿಫಿಕ್ ಸಾಗರದ ಎಲ್ಲ ದೇಶಗಳಿಗೂ ಒಂದೇ ಸಲ ಎಚ್ಚರಿಕೆ ಕಳಿಸುವ ಕಾಲ ಬಂದಾಗ ಎಲ್ಲರಿಗೂ ಒಂದೇ ಪದ ಬೇಕಾಯಿತು. ಆಗ ನೂರಾರು ವರ್ಷದ ದಾಖಲೆ, ಅಳತೆ, ಸಂಶೋಧನೆ ಕೈಯಲ್ಲಿದ್ದದ್ದು ಜಪಾನಿನವರಿಗೆ.

ಚೀನೀಯರು ಅದೇ ಅಕ್ಷರಗಳನ್ನು ಬರೆಯುತ್ತಾರಲ್ಲ, ಅವರೂ ಇದನ್ನೇ ಬಳಸುತ್ತಾರಾ?

ಇಲ್ಲ. ಚೀನೀ ಭಾಷೆಯಲ್ಲಿ ‘ಹೈಷಿಯಾವ್’, ಕಡಲಿನ ಆರ್ಭಟ. ತಮಾಷೆ ಅಂದ್ರೆ, ಈ ಎರಡು ಅಕ್ಷರಗಳನ್ನು ಜಪಾನಿನವರೂ ಬಳಸುತ್ತಿದ್ದರು. 1896ರ ವರದಿಗಳಲ್ಲಿ ಅವೇ ಇವೆ. ಈಗ ಜಪಾನಿನಲ್ಲಿ ‘ಬಂದರು’ ಮತ್ತು ‘ಅಲೆ’ಯ ಅಕ್ಷರಗಳೇ ನಿಂತಿವೆ. ಚೀನೀಯರು ಆರ್ಭಟವನ್ನೇ ಉಳಿಸಿಕೊಂಡರು.

‘ಸ್ಮಾಂಗ್’ ಅನ್ನುವ ಪದದ ಬಗ್ಗೆ ಕೇಳಿದ್ದೇನೆ. ಅದೇನು?

ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಇದೇ. ಸುಮಾತ್ರಾದ ಪಶ್ಚಿಮಕ್ಕೆ ಸಿಮೆಯುಲುವೆ ಎಂಬ ದ್ವೀಪ ಇದೆ. 1907ರಲ್ಲಿ ಅಲ್ಲಿಗೆ ದೊಡ್ಡ ಅಲೆ ಬಡಿದು ತುಂಬಾ ಜನ ಸತ್ತರು. ಉಳಿದವರು ಅದನ್ನು ‘ಸ್ಮಾಂಗ್’ ಎಂದು ಕರೆದು ಮಕ್ಕಳಿಗೆ ಹೇಳುತ್ತಾ ಬಂದರು. ಮಲಗಿಸುವಾಗ ಕಥೆಯಾಗಿ, ಹಾಡಾಗಿ. ಹೇಳುತ್ತಿದ್ದದ್ದು ಇಷ್ಟೇ: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ, ಗುಡ್ಡಕ್ಕೆ ಓಡು.

2004ರ ಡಿಸೆಂಬರ್ 26ರ ಭೂಕಂಪದ ಕೇಂದ್ರ ಈ ದ್ವೀಪಕ್ಕೆ ತೀರಾ ಹತ್ತಿರ. ಅಲೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲ ಅನ್ನುತ್ತಾರೆ. ಯಾವ ಸೈರನ್ನೂ ಇರಲಿಲ್ಲ. ಯಾರೋ ‘ಸ್ಮಾಂಗ್!’ ಎಂದು ಕೂಗಿದರು, ಎಲ್ಲರೂ ಓಡಿದರು. ಸುಮಾರು 78,000 ಜನರ ದ್ವೀಪದಲ್ಲಿ ಸತ್ತವರು ಏಳು ಜನ. ಅದೇ ಹೊತ್ತಿಗೆ ಸುಮಾತ್ರಾದ ಆಚೆ ನೆಲದಲ್ಲಿ, ಅಚೆ ಪ್ರಾಂತ್ಯದಲ್ಲಿ, ಜನ ‘ಕಡಲ ನೀರು ಏರ್ತಿದೆ’ ಎಂದು ಕೂಗುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಹೇಳುವುದು ಬಿಟ್ಟರೆ ಹೆಸರಿಡಿದು ಕೂಗಲು ಅವರಿಗೆ ಪದ ಇರಲಿಲ್ಲ. ಅಷ್ಟು ಹೊತ್ತಿಗೆ ಅಲೆ ಬೀದಿಗೇ ಬಂದಿತ್ತು.

ಸ್ಮಾಂಗ್ ಅನ್ನುವ ಪದದೊಳಗೇ ಏನು ಮಾಡಬೇಕು ಅನ್ನುವುದೂ ಇದೆ. ಜಗತ್ತೆಲ್ಲ ಸುತ್ತಿದ ‘ಸುನಾಮಿ’ ಪದ ಆ ಗಂಟನ್ನು ಹೊತ್ತುಕೊಂಡು ಬರಲಿಲ್ಲ, ಬರೀ ಹೆಸರು ಬಂತು. ಅದರ ಜೊತೆ ಬರಬೇಕಾದದ್ದನ್ನು ಶಾಲೆ, ಫಲಕ, ಅಣಕು ಕವಾಯತುಗಳ ಮೂಲಕ ಬೇರೆಯಾಗಿ ಕಲಿಸಬೇಕಾಗಿದೆ.

2004ಕ್ಕೆ ಮುಂಚೆ ಈ ಪದ ಯಾರಿಗೂ ಗೊತ್ತಿರಲಿಲ್ಲವಾ?

ಭೂಗೋಳ ಪಾಠ ಓದಿದವರಿಗೆ, ವಿಜ್ಞಾನಿಗಳಿಗೆ ಗೊತ್ತಿತ್ತು. ಅದರಿಂದಲೇ ಜೀವ ಉಳಿದ ಉದಾಹರಣೆಯೂ ಇದೆ. ಥಾಯ್ಲೆಂಡಿನ ಫುಕೆಟ್‌ನಲ್ಲಿ ರಜೆಗೆ ಬಂದಿದ್ದ ಹತ್ತು ವರ್ಷದ ಇಂಗ್ಲಿಷ್ ಹುಡುಗಿಯೊಬ್ಬಳು ಕಡಲು ನೊರೆ ಕಟ್ಟಿ ವಿಚಿತ್ರವಾಗಿ ನಡೆದುಕೊಳ್ಳುವುದನ್ನು ನೋಡಿದಳು. ಎರಡು ವಾರ ಹಿಂದಷ್ಟೇ ಶಾಲೆಯಲ್ಲಿ ಈ ಪಾಠ ಆಗಿತ್ತು. ಹಟ ಹಿಡಿದು ಅಪ್ಪ ಅಮ್ಮನಿಗೆ ಹೇಳಿದಳು, ದಡ ಖಾಲಿಯಾಯಿತು.

ಉಳಿದವರಿಗೆ ಈ ಪದ ಪರಿಚಯವಾದದ್ದು ಆ ಅಲೆಯ ನಂತರವೇ. ಹದಿನಾಲ್ಕು ದೇಶಗಳಲ್ಲಿ ಸುಮಾರು 2,30,000 ಜನ ಸತ್ತಿದ್ದರು. ಒಂದೇ ವಾರದಲ್ಲಿ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಭಾಷೆಯ ಪತ್ರಿಕೆಗಳ ಮುಖಪುಟಕ್ಕೆ ಈ ಪದ ಬಂದುಬಿಟ್ಟಿತು. ಕನ್ನಡಕ್ಕೂ ಹಾಗೇ.

ಬರೆಯುವುದು ‘ತ್ಸುನಾಮಿ’ ಸರಿಯಾ, ‘ಸುನಾಮಿ’ ಸರಿಯಾ?

ಜಪಾನಿ ಉಚ್ಚಾರಕ್ಕೆ ಹತ್ತಿರ ಬೇಕೆಂದರೆ ಎರಡೂ ಅಲ್ಲ, ‘ತ್ಸುನಮಿ’. ಮೂರೂ ಸ್ವರ ಹ್ರಸ್ವ. ನಾವು ಎಳೆಯುವ ‘ನಾ’ ಇಂಗ್ಲಿಷರು ಒತ್ತಿ ಹೇಳಿದ್ದರಿಂದ ಬಂದದ್ದು ಅನ್ನಬಹುದು.

‘ತ್ಸ’ ನಮಗೇನೂ ಹೊಸದಲ್ಲ. ಉತ್ಸವ, ವತ್ಸ, ಮತ್ಸರ ಎಲ್ಲ ಸಲೀಸಾಗಿ ಹೇಳುತ್ತೇವೆ. ಆದರೆ ಅದು ಪದದ ನಡುವೆ ಇರಬೇಕು. ಮೊದಲಲ್ಲೇ ಬಂದರೆ ನಾಲಿಗೆ ತೊಡರುತ್ತದೆ, ‘ತ್’ ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲೂ ಬಹಳ ಜನ ಹಾಗೇ ಬಿಡುತ್ತಾರೆ, ನಿಘಂಟುಗಳು ಎರಡನ್ನೂ ಕೊಡುತ್ತವೆ. ರಷ್ಯನ್, ಹೀಬ್ರೂ ಲಿಪಿಗಳಲ್ಲಿ ಈ ಸದ್ದಿಗೆ ಒಂದೊಂದು ಅಕ್ಷರವೇ ಇದೆ, ಅವರಿಗೆ ಚಿಂತೆಯಿಲ್ಲ. ಜರ್ಮನ್ನರದು ವಿಚಿತ್ರ. ಅವರ ‘ಜೆಡ್’ ಅಕ್ಷರದ ಸದ್ದೇ ‘ತ್ಸ’. ಆದರೂ ಅದನ್ನು ಬಿಟ್ಟು ಇಂಗ್ಲಿಷಿನವರ ಹಾಗೆ ಎರಡು ಅಕ್ಷರ ಬರೆಯುತ್ತಾರೆ. ಕೊರಿಯನ್ನರು ಒತ್ತಿದ ‘ಸ್ಸು’ ಮಾಡಿಕೊಂಡು ‘ಸ್ಸುನಾಮಿ’ ಎಂದರು. ಕನ್ನಡದಲ್ಲಿ ‘ಸುನಾಮಿ’ ಆಗಲೇ ನೆಲೆ ನಿಂತಿದೆ, ಅದನ್ನೇ ಬರೆಯಿರಿ.

ಬಹುವಚನ?

ಜಪಾನಿಯಲ್ಲಿ ಬೇರೆ ರೂಪ ಇಲ್ಲ, ಒಂದಾದರೂ ಹತ್ತಾದರೂ ಅದೇ. ರಷ್ಯನ್ನಿನಲ್ಲೂ ಬದಲಾಗದು. ಕನ್ನಡದಲ್ಲಿ ‘ಸುನಾಮಿಗಳು’. ಇನ್ನೊಂದು ಮಾತು: ಒಂದು ಸುನಾಮಿ ಅಂದರೆ ಒಂದೇ ಅಲೆ ಅಲ್ಲ, ಗಂಟೆಗಟ್ಟಲೆ ಬರುವ ಅಲೆಗಳ ಸಾಲು. ಮೊದಲನೆಯದೇ ದೊಡ್ಡದು ಅನ್ನುವ ಗ್ಯಾರಂಟಿ ಇಲ್ಲ.

ದೊಡ್ಡ ಅಲೆಗಳೆಲ್ಲ ಸುನಾಮಿಯಾ? ಜಪಾನಿನ ಆ ನೀಲಿ ಅಲೆಯ ಚಿತ್ರ?

ಅಲ್ಲ. 1831ರ ಆಸುಪಾಸಿನಲ್ಲಿ ಹೊಕುಸಾಯ್ ಮಾಡಿದ ಕನಗಾವದ ಅಲೆಯ ಚಿತ್ರವನ್ನು ಸುನಾಮಿ ಸುದ್ದಿಯ ಪಕ್ಕದಲ್ಲಿ ಹಾಕುವುದು ಅಭ್ಯಾಸವಾಗಿಬಿಟ್ಟಿದೆ. ಅದನ್ನೊಮ್ಮೆ ಸರಿಯಾಗಿ ನೋಡಿ. ದೋಣಿಗಳು ದಡದಿಂದ ದೂರ ಇವೆ. ಅಲೆಯ ತುದಿ ಉಗುರಿನ ಹಾಗೆ ಬಾಗಿದೆ, ನೊರೆ ಸಿಡಿಯುತ್ತಿದೆ. ಇದು ಗಾಳಿ ಎಬ್ಬಿಸಿದ ಅಲೆ. ಸುನಾಮಿ ಆಗಿದ್ದರೆ ಅಷ್ಟು ದೂರದ ದೋಣಿಯವರಿಗೆ ಗೊತ್ತೇ ಆಗುತ್ತಿರಲಿಲ್ಲ, ಚಿತ್ರ ಮಾಡಲು ಏನೂ ಇರುತ್ತಿರಲಿಲ್ಲ! ದಡದಲ್ಲೂ ಅದು ಹೆಚ್ಚಾಗಿ ಹೀಗೆ ಸುರುಳಿ ಸುತ್ತಿಕೊಂಡು ಬರುವುದಿಲ್ಲ. ಕಡಲಿನ ಮಟ್ಟವೇ ಏರಿದ ಹಾಗೆ, ಕಪ್ಪು ನೀರು ಸಿಕ್ಕಿದ್ದನ್ನೆಲ್ಲ ತಳ್ಳಿಕೊಂಡು ಒಳಗೆ ಬರುತ್ತಲೇ ಇರುತ್ತದೆ. ಚಂಡಮಾರುತ ಉಕ್ಕಿಸುವ ನೀರಿಗೆ ಜಪಾನಿಯಲ್ಲಿ ಬೇರೆಯೇ ಪದ ಇದೆ, ‘ತಕಶಿಯೊ’.

ಭೂಕಂಪ ಇಲ್ಲದೆಯೂ ಸುನಾಮಿ ಬರುತ್ತದಾ?

ಬರುತ್ತದೆ. 1883ರಲ್ಲಿ ಕ್ರಕಟೋವ ಜ್ವಾಲಾಮುಖಿ ಸಿಡಿದಾಗ ಸತ್ತ 36,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿಯನ್ನು ಕೊಂದದ್ದು ಅದೆಬ್ಬಿಸಿದ ಅಲೆ. 1958ರಲ್ಲಿ ಅಲಾಸ್ಕದ ಲಿಟುಯ ಕೊಲ್ಲಿಯಲ್ಲಿ ಗುಡ್ಡದ ಬದಿ ನೀರಿಗೆ ಕುಸಿದು ಎದುರಿನ ಇಳಿಜಾರಿನಲ್ಲಿ 524 ಮೀಟರ್ ಎತ್ತರದ ತನಕ ಮರಗಳು ಬೋಳಾದವು. ಆ ಕುಸಿತಕ್ಕೆ ಮಾತ್ರ ಭೂಕಂಪವೇ ಕಾರಣ.

ಭೂಕಂಪ ಆಗಿಯೂ ಗೊತ್ತಾಗದೆ ಇರುವುದೂ ಉಂಟು. 1700ರ ಜನವರಿಯಲ್ಲಿ ಜಪಾನಿನ ಹಲವು ಊರುಗಳಿಗೆ ನೀರು ನುಗ್ಗಿತು. ನೆಲ ನಡುಗಿರಲೇ ಇಲ್ಲ. ಮಿಹೊ ಹಳ್ಳಿಯ ಮುಖ್ಯಸ್ಥ ಇದೇನೆಂದು ತಿಳಿಯದೆ, ಭರತದಂಥದ್ದು ಅಂತ ಬರೆದಿಟ್ಟ. ಆ ಭೂಕಂಪ ಆಗಿದ್ದು ಪೆಸಿಫಿಕ್‌ನ ಆಚೆ ದಡದಲ್ಲಿ, ಉತ್ತರ ಅಮೆರಿಕದ ಕ್ಯಾಸ್ಕೇಡಿಯ ಕರಾವಳಿಯಲ್ಲಿ. ಇದು ವಿಜ್ಞಾನಿಗಳಿಗೆ ಖಚಿತವಾದದ್ದು ಸುಮಾರು ಮುನ್ನೂರು ವರ್ಷ ಕಳೆದ ಮೇಲೆ. ಅದಕ್ಕೇ ಅದನ್ನು ‘ಅನಾಥ ಸುನಾಮಿ’ ಅನ್ನುತ್ತಾರೆ.

ಜಪಾನಿನಲ್ಲಿ ಈಗ ಈ ಪದವನ್ನು ಹೇಗೆ ಬಳಸುತ್ತಾರೆ?

ಅಳೆದು ತೂಗಿ. 2011ರ ಮಾರ್ಚ್ 11ರಂದು ಈಶಾನ್ಯ ಜಪಾನಿನಲ್ಲಿ ಭಾರೀ ಭೂಕಂಪ ಆದಾಗ ಮೊದಲ ಎಚ್ಚರಿಕೆಯಲ್ಲಿ ಇವಾತೆ ಪ್ರಾಂತ್ಯಕ್ಕೆ 3 ಮೀಟರ್ ಎಂದು ಹೇಳಿದ್ದರು. ಮೂರು ಮೀಟರ್ ತಾನೆ ಎಂದು ಉಳಿದವರಿದ್ದರು. ಬಂದದ್ದು ಅದರ ಎಷ್ಟೋ ಪಟ್ಟು. ಹೀಗಾಗಿ 2013ರಿಂದ ನಿಯಮ ಬದಲಾಯಿತು. ತೀರಾ ದೊಡ್ಡ ಭೂಕಂಪವಾದರೆ ಮೊದಲ ಎಚ್ಚರಿಕೆಯಲ್ಲಿ ಅಂಕಿ ಇಲ್ಲ, ‘ದೈತ್ಯ’ ಎಂಬಂಥ ಪದ ಮಾತ್ರ. ಅಂಕಿ ನೋಡಿ ಜನ ಲೆಕ್ಕ ಹಾಕುತ್ತಾ ಕೂರುತ್ತಾರೆ, ಪದ ಕೇಳಿದರೆ ಓಡುತ್ತಾರೆ.

2024ರ ಜನವರಿ 1ರಂದು ನೊತೊ ಭೂಕಂಪ ಆದಾಗ ಟಿವಿ ಪರದೆಯ ಮೇಲೆ ದೊಡ್ಡದಾಗಿ ‘ಸುನಾಮಿ! ಓಡಿ!’ ಎಂದು ಬಂತು. ಚೀನೀ ಮೂಲದ ಕಷ್ಟದ ಅಕ್ಷರಗಳನ್ನು ಬಿಟ್ಟು, ಸಣ್ಣ ಮಕ್ಕಳೂ ಹೊಸದಾಗಿ ಭಾಷೆ ಕಲಿತವರೂ ಓದಬಲ್ಲ ಹಿರಗಾನ ಲಿಪಿಯಲ್ಲಿ. ವಾರ್ತೆ ಓದುವಾಕೆ ಎಂದಿನ ತಣ್ಣನೆ ದನಿ ಬಿಟ್ಟು ಕೂಗಿ ಹೇಳಿದರು.

ಸಾನ್‌ರಿಕು ಕಡೆ ‘ತ್ಸುನಮಿ ತೆಂದೆಂಕೊ’ ಅನ್ನುವ ಮಾತಿದೆ. ಸುನಾಮಿ ಬಂದರೆ ಯಾರಿಗೂ ಕಾಯಬೇಡ, ಅವರವರೇ ಓಡಿ ಎಂದು. ಕಲ್ಲು ಮನಸ್ಸಿನ ಮಾತು ಅನ್ನಿಸಬಹುದು. ಆದರೆ ಮಗ ಓಡಿರುತ್ತಾನೆ ಅಂತ ಅಮ್ಮನಿಗೆ ಗೊತ್ತಿದ್ದರೆ ಅವಳು ಮಗನನ್ನು ಹುಡುಕಿಕೊಂಡು ಕಡಲ ಕಡೆಗೆ ಹೋಗುವುದಿಲ್ಲ, ಅಲ್ವಾ? ಇದನ್ನು ಕಲಿತಿದ್ದ ಕಮಾಯಿಶಿ ಪಟ್ಟಣದ ಸುಮಾರು 3,000 ಶಾಲಾ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ 2011ರಲ್ಲಿ ಬದುಕಿದರು.

‘ಮತಗಳ ಸುನಾಮಿ’, ‘ಸಾಲದ ಸುನಾಮಿ’ ಅಂತ ಬರೆಯಬಹುದಾ?

ಎಲ್ಲ ಭಾಷೆಗಳೂ ಬರೆಯುತ್ತಿವೆ, ತಡೆಯಲು ಆಗದು. ಜಪಾನಿನಲ್ಲಿ ಮಾತ್ರ ಹಿಂದೆಮುಂದೆ ನೋಡುತ್ತಾರೆ. ಇದೇ ಹೆಸರಿನ, 2000ರಲ್ಲಿ ಮನೆಮಾತಾಗಿದ್ದ ಪ್ರೇಮಗೀತೆಯೊಂದನ್ನು 2011ರ ನಂತರ ರೇಡಿಯೊಗಳು ಬಹಳ ಕಾಲ ಹಾಕಲು ಹಿಂಜರಿದವು. ನನ್ನ ಮಟ್ಟಿಗೆ, ಚುನಾವಣೆಗೆ ಬರೀ ‘ಅಲೆ’ ಸಾಕು.

ಕನ್ನಡಕ್ಕೆ ಸ್ವಂತ ಪದ ಬೇಡವಾ?

ರಕ್ಕಸ ಅಲೆ, ದೈತ್ಯ ಅಲೆ, ಹೆದ್ದೆರೆ ಎಲ್ಲ ಬರೆದು ನೋಡಿದ್ದಾರೆ. ವರ್ಣನೆಗೆ ಚೆನ್ನಾಗಿವೆ. ಆದರೆ ಬಿರುಗಾಳಿಯ ಅಲೆಯೂ ದೈತ್ಯವೇ, ಹೆದ್ದೆರೆಯೇ. ಜಪಾನಿ ಪದವನ್ನು ಹಾಗೇ ಕನ್ನಡಿಸಿ ‘ಬಂದರಿನ ಅಲೆ’ ಅಂದರೆ ಕೇಳಿದವರು ದೋಣಿ ಸವಾರಿಗೆ ಹೊರಡಬಹುದು. ಅಂದಹಾಗೆ ಆ ‘ಬಂದರು’ ಕೂಡ ಪರ್ಷಿಯನ್ ಭಾಷೆಯಿಂದ ಬಂದದ್ದು, ಈಗ ಯಾರೂ ಅದನ್ನು ಹೊರಗಿನದು ಅನ್ನುವುದಿಲ್ಲ. ಎಚ್ಚರಿಕೆಯ ಫಲಕದಲ್ಲಿ, ಸುದ್ದಿಯಲ್ಲಿ, ಪಾಠದಲ್ಲಿ ‘ಸುನಾಮಿ’ ಒಂದನ್ನೇ ಬಳಸುವುದು ಒಳ್ಳೆಯದು. ಹೆದ್ದೆರೆ, ರಕ್ಕಸ ಅಲೆಗಳನ್ನು ಕಥೆ, ಕವಿತೆ ಬರೆಯುವವರಿಗೆ ಬಿಡೋಣ.